ಹಳೆ ಪಿನ್‌ಬಾಲ್ ಮೆಷಿನ್‌ಗೆ ಎನ್‌ವಿರ‍್ಯಾಮ್ ಚಿಪ್: ಕೆಲವು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಎನ್‌ವಿರ‍್ಯಾಮ್ (ಕರೆಂಟ್ ಇಲ್ಲದೆಯೂ ಡೇಟಾ ಉಳಿಸಿಕೊಳ್ಳುವ ಮೆಮೊರಿ) ಚಿಪ್ ಚೆನ್ನಾಗಿದೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಇದನ್ನು ಹಾಕಿಬಿಟ್ಟರೆ ಮೆಮೊರಿ ಎರರ್ ಮತ್ತೆ ಬರುವುದೇ ಇಲ್ಲ ಅಂತ ಮಾರುವವರು ಹೇಳುತ್ತಾರಲ್ಲ, ಅದು ಅರ್ಧ ನಿಜ. ಉಳಿದ ಅರ್ಧ ಯಾರೂ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು 1990ರ ದಶಕದ ಶುರುವಿನ ಮೆಷಿನ್. ಸಿಪಿಯು ಬೋರ್ಡ್ ಮೇಲೆ 6264 ಎಂಬ 28 ಕಾಲಿನ ರ‍್ಯಾಮ್ ಇದೆ. ಬರೀ 8 ಕಿಲೋಬೈಟ್. ಹೈ ಸ್ಕೋರು, ನಾಣ್ಯದ ಲೆಕ್ಕ, ಆಟಕ್ಕೆ ಎಷ್ಟು ಚೆಂಡು, ಎಲ್ಲ ಅದರಲ್ಲೇ. ಆಫ್ ಮಾಡಿದಾಗ ಇವೆಲ್ಲ ಅಳಿಸಿಹೋಗಬಾರದು ಅಂತ ಪಕ್ಕದಲ್ಲೇ ಮೂರು ಎಎ ಸೆಲ್ ಕೂರಿಸಿದ್ದಾರೆ. ಆನ್ ಮಾಡಿದ ತಕ್ಷಣ ಪ್ರೋಗ್ರಾಂ ಒಳಗಿನ ಡೇಟಾ ಕೂಡಿ, ಮೊದಲೇ ಬರೆದಿಟ್ಟ ಚೆಕ್‌ಸಮ್ ಜೊತೆ ತಾಳೆ ನೋಡುತ್ತದೆ. ತಾಳೆ ಆಗಲಿಲ್ಲವೋ, "ಫ್ಯಾಕ್ಟರಿ ಸೆಟ್ಟಿಂಗ್ಸ್ ರಿಸ್ಟೋರ್ಡ್" ಅಂತ ಪರದೆ ಮೇಲೆ ಬರುತ್ತದೆ, ನಿಮ್ಮ ಸ್ಕೋರು ಗೋವಿಂದ.

ಸೆಲ್ ಹೊಸದು ಹಾಕಿದರೂ ಇದೇ ಕಥೆ ಆದಾಗ ತುಂಬಾ ಜನ ರ‍್ಯಾಮ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಸ್ವಲ್ಪ ತಡೆಯಿರಿ. ಮೆಷಿನ್ ಆಫ್ ಇರುವಾಗಲೇ ರ‍್ಯಾಮ್‌ನ 28ನೇ ಕಾಲು ಮತ್ತು 14ನೇ ಕಾಲಿನ ನಡುವೆ ಮಲ್ಟಿಮೀಟರ್ ಇಡಿ. ಸೆಲ್‌ಗಳ 4.5 ವೋಲ್ಟಿನಲ್ಲಿ, ಮಧ್ಯೆ ಇರುವ ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಭಾಗ) ಅರ್ಧ ವೋಲ್ಟಿಗಿಂತ ಸ್ವಲ್ಪ ಜಾಸ್ತಿ ತಿಂದು ಉಳಿದದ್ದು, ಅಂದರೆ 4 ವೋಲ್ಟಿನ ಆಸುಪಾಸು, ಅಲ್ಲಿ ಸಿಗಬೇಕು. ನನಗೆ ಸಿಕ್ಕಿದ್ದು 1.7. ಈ ಜಾತಿಯ ರ‍್ಯಾಮ್‌ಗೆ ನೆನಪು ಉಳಿಯಲು ಕನಿಷ್ಠ 2 ವೋಲ್ಟ್ ಬೇಕು. ಸೆಲ್ ತುದಿಯಲ್ಲಿ ಪೂರ್ತಿ ವೋಲ್ಟೇಜ್ ಇತ್ತು, ದಾರಿಯಲ್ಲೇ ಸೋರಿಹೋಗುತ್ತಿತ್ತು. ಹೋಲ್ಡರ್ ಕಿತ್ತು ನೋಡಿದರೆ ಸ್ಪ್ರಿಂಗ್ ಬುಡದಲ್ಲಿ ಹಸಿರು ಕಿಲುಬು. ಅದು ಬೋರ್ಡಿನ ತಾಮ್ರದ ಗೆರೆ ಹಿಡಿದು ಡಯೋಡ್ ಕಾಲಿನವರೆಗೂ ತೆವಳಿತ್ತು. ಉಗುರಲ್ಲಿ ಕೆರೆದರೆ ಪುಡಿಪುಡಿ.

ಆಲ್ಕಲೈನ್ ಸೆಲ್‌ನಿಂದ ಸೋರುವುದು ಪೊಟ್ಯಾಶಿಯಂ ಹೈಡ್ರಾಕ್ಸೈಡ್, ಅದು ಕ್ಷಾರ. ಹಾಗಾಗಿ ಮೊದಲು ವಿನೆಗರ್, ಆಮೇಲೆ ಡಿಸ್ಟಿಲ್ಡ್ ವಾಟರ್, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಸುಮ್ನೆ ಬ್ರಷ್ ತಗೊಂಡು ಉಜ್ಜಿದರೆ ಮೇಲಿನದು ಹೋಗುತ್ತದೆ, ಅಡಿಯದು ತಿನ್ನುತ್ತಲೇ ಇರುತ್ತದೆ. ಡಯೋಡ್ ಕೂಡ ಚೆಕ್ ಮಾಡಿ. ಅದು ಶಾರ್ಟ್ ಆಗಿದ್ದರೆ ಮೆಷಿನ್‌ನ 5 ವೋಲ್ಟ್ ಹಿಂದಕ್ಕೆ ಹರಿದು ಸೆಲ್‌ಗಳನ್ನು ಚಾರ್ಜ್ ಮಾಡಲು ಹೋಗುತ್ತದೆ, ಸೆಲ್ ಇನ್ನೂ ಬೇಗ ಸೋರುತ್ತದೆ.

ಇಷ್ಟಾದ ಮೇಲೆ ಸೆಲ್ ಸಹವಾಸವೇ ಬೇಡ ಅನ್ನಿಸಿ ಎನ್‌ವಿರ‍್ಯಾಮ್ ತರಿಸಿದೆ. ಕರೆಂಟೇ ಇಲ್ಲದೆ ಡೇಟಾ ಇಟ್ಟುಕೊಳ್ಳುತ್ತದೆ. ಹಳೆ ಚಿಪ್ ತೆಗೆಯುವಾಗ ಅದನ್ನು ಉಳಿಸುವ ಆಸೆ ಬೇಡ. ಕಟರ್‌ನಿಂದ ಕಾಲುಗಳನ್ನು ಕತ್ತರಿಸಿ, ಒಂದೊಂದೇ ಕಾಲು ಬಿಸಿ ಮಾಡಿ ಎಳೆಯಿರಿ. ಇಡೀ ಚಿಪ್ ಮೀಟಲು ಹೋದರೆ ತೂತಿನ ಒಳಗಿನ ಲೇಪನವೂ ಅದರ ಜೊತೆ ಬರುತ್ತದೆ. ಆ ಜಾಗಕ್ಕೆ ಒಳ್ಳೆ ಸಾಕೆಟ್ ಬೆಸುಗೆ ಹಾಕಿ ಚಿಪ್ ಕೂರಿಸಿ. ಕೆಲವರು ಮಾರುವ ಅಡಾಪ್ಟರ್‌ಗಳಲ್ಲಿ ಚೌಕದ ದಪ್ಪ ಪಿನ್ ಇರುತ್ತದೆ, ಒಮ್ಮೆ ತುರುಕಿದರೆ ಸಾಕೆಟ್ ಸಡಿಲ ಆಗಿ ಮುಂದೆ ಮಾಮೂಲಿ ಚಿಪ್ ನಿಲ್ಲುವುದಿಲ್ಲ. ಅಂಥದ್ದು ತಗೊಳ್ಳಬೇಡಿ.

ಹಾಕಿದ ಮೇಲೆ ಬಹಳ ಕಾಲ ಎಲ್ಲ ಸರಿ ಇತ್ತು. ತಿಂಗಳುಗಟ್ಟಲೆ ಆಫ್ ಇಟ್ಟು ಆನ್ ಮಾಡಿದರೂ ಸ್ಕೋರು ಹಾಗೇ ಇರುತ್ತಿತ್ತು. ಆಮೇಲೆ ಅದೇ ಹಳೆ ಮೆಸೇಜ್ ಮತ್ತೆ ಬಂತು! ಆದರೆ ಈ ಸಲ ಹೊತ್ತು ಬೇರೆ. ತುಂಬಾ ದಿನ ಆಫ್ ಇದ್ದಾಗ ಅಲ್ಲ, ಆಡುತ್ತಿರುವಾಗ ಎರಡೂ ಫ್ಲಿಪರ್ (ಚೆಂಡು ಹೊಡೆಯುವ ಕೈ) ಒಟ್ಟಿಗೆ ಒತ್ತಿದರೆ ಮೆಷಿನ್ ರಿಸೆಟ್ ಆಗಿ, ಎದ್ದು ಬರುವಾಗ ಎರರ್. ಪವರ್ ಬೋರ್ಡ್‌ನಲ್ಲಿ ಅಳೆದರೆ 5.0 ವೋಲ್ಟ್, ಅದೇ ಸಿಪಿಯು ಬೋರ್ಡ್‌ನಲ್ಲಿ ಅಳೆದರೆ 4.7, ಫ್ಲಿಪರ್ ಒತ್ತಿದಾಗ ಇನ್ನೂ ಕೆಳಗೆ. ಮಧ್ಯದ ಕನೆಕ್ಟರ್ ಬಿಚ್ಚಿದರೆ ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕಂದಿತ್ತು, ಪಿನ್ ಬುಡದ ಬೆಸುಗೆಯಲ್ಲಿ ಉಂಗುರದ ಹಾಗೆ ಬಿರುಕು. ವೋಲ್ಟೇಜ್ ಹೀಗೆ ಅಂಚಿನಲ್ಲಿ ಜೋಲಾಡುವಾಗ ಸಿಪಿಯು ದಾರಿ ತಪ್ಪಿ ರ‍್ಯಾಮ್‌ಗೆ ಕಸ ಬರೆಯುತ್ತದೆ. ಎನ್‌ವಿರ‍್ಯಾಮ್ ಆ ಕಸವನ್ನೂ ನಿಯತ್ತಾಗಿ ಇಟ್ಟುಕೊಳ್ಳುತ್ತದೆ, ಅದರ ತಪ್ಪೇನಿದೆ? ಕನೆಕ್ಟರ್ ಬದಲಾಯಿಸಿ, ವೋಲ್ಟೇಜ್ ಏರಿಳಿತ ತಡೆಯುವ ಫಿಲ್ಟರ್ ಕೆಪಾಸಿಟರ್ ಹೊಸದು ಹಾಕಿದ ಮೇಲೆ ಮತ್ತೆ ಬಂದಿಲ್ಲ.

ಹಾಗಾಗಿ ಚಿಪ್ ಕೊಳ್ಳುವ ಮುಂಚೆ ಎರರ್ ಯಾವಾಗ ಬರುತ್ತದೆ ಅಂತ ನೋಡಿ. ಆಫ್ ಇಟ್ಟು ಬಿಟ್ಟ ಮೇಲೆ ಬಂದರೆ ಸೆಲ್, ಹೋಲ್ಡರ್, ಡಯೋಡ್ ಕಡೆ ಅನುಮಾನ ಪಡಿ, ಈ ಚಿಪ್ ನಿಮಗೆ ಉಪಯೋಗ. ಆಡುವಾಗಲೋ, ಆಫ್ ಮಾಡಿ ತಕ್ಷಣ ಆನ್ ಮಾಡಿದಾಗಲೋ ಬಂದರೆ 5 ವೋಲ್ಟ್ ಲೈನು ಮತ್ತು ರಿಸೆಟ್ ಸರ್ಕ್ಯೂಟ್ ನೋಡಿ, ಚಿಪ್‌ಗೆ ದುಡ್ಡು ಹಾಕಬೇಡಿ.

ಒಂದು ಕೊರತೆ ಇದೆ. ಸೆಲ್ ತೆಗೆದರೆ ಮೆಷಿನ್ ಒಳಗಿನ ಗಡಿಯಾರ ಪ್ರತಿ ಸಲ ಆಫ್ ಆದಾಗಲೂ ತಪ್ಪುತ್ತದೆ. ನನಗೆ ಬೇಜಾರಿಲ್ಲ, ಪಿನ್‌ಬಾಲ್‌ನಲ್ಲಿ ಟೈಮ್ ನೋಡುವವರು ಯಾರು ಅಲ್ವಾ? ಆದರೂ ಒಂದು ಸ್ಟಾರ್ ಅದಕ್ಕೇ ಕಡಿಮೆ ಮಾಡಿದ್ದೇನೆ.

ನಿಮ್ಮದು ಇನ್ನೂ ಹಳೆಯದು, 1970ರ ದಶಕದ ಕೊನೆಯದ್ದು ಆಗಿದ್ದರೆ ಬೋರ್ಡ್ ಮೇಲೆ 22 ಕಾಲಿನ 5101 ಎಂಬ ಮೆಮೊರಿ ಚಿಪ್ ಇರುವ ಸಾಧ್ಯತೆ ಜಾಸ್ತಿ. ನಾನು ಹಾಕಿದ ಚಿಪ್ ಆ ಜಾಗಕ್ಕೆ ಕೂರುವುದಿಲ್ಲ, ಅದಕ್ಕೆಂದೇ ಮಾಡಿದ್ದನ್ನು ಕೇಳಿ ತಗೊಳ್ಳಿ. ಅಂಥ ಕೆಲವು ಬೋರ್ಡ್‌ಗಳಲ್ಲಿ ಚಾರ್ಜ್ ಆಗುವ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ನೇರ ಬೋರ್ಡ್‌ಗೇ ಬೆಸೆದಿರುತ್ತಾರೆ. ಅದೂ ಸೋರುತ್ತದೆ. ಚಿಪ್ ಬರುವವರೆಗೂ ಕಾಯಬೇಡಿ, ಆ ಬ್ಯಾಟರಿಯನ್ನು ಇವತ್ತೇ ಕತ್ತರಿಸಿ ತೆಗೆಯಿರಿ.