ಮುಖದೊಳಗೆ ಹೂಮರ: ಫೋಟೋಶಾಪ್, ಫೋಟೋಪಿಯಾ, ಗಿಂಪ್

ಒಂದು ಚಿತ್ರ ಕಬ್ಬನ್ ಪಾರ್ಕಿನಲ್ಲಿ ಮೈತುಂಬ ಗುಲಾಬಿ ಹೂ ಹೊತ್ತು ನಿಂತ ಟಬೆಬುಯಾ ಮರದ್ದು. ಇನ್ನೊಂದು, ತಾರಸಿಯ ಮೇಲೆ ಆಕಾಶವನ್ನು ಹಿನ್ನೆಲೆಯಾಗಿಟ್ಟು ತೆಗೆದ ತಂಗಿಯ ಪಕ್ಕನೋಟ. ಮುಖ ಬಹುಪಾಲು ಕಪ್ಪು ನೆರಳು. ಆ ನೆರಳಿನೊಳಗೆ ಹೂ ತುಂಬಬೇಕು. ಇದೇ ಕೆಲಸವನ್ನು ಚಿತ್ರ ತಿದ್ದುವ ಮೂರು ತಂತ್ರಾಂಶಗಳಿಗೂ ಕೊಟ್ಟು ನೋಡಿದೆ.

ಫೋಟೋಶಾಪಿನ ಹೆಗ್ಗಳಿಕೆ ಕೂದಲೆಳೆಯನ್ನೂ ಬಿಡದೆ ಆಕೃತಿಯನ್ನು ಹಿನ್ನೆಲೆಯಿಂದ ಬಿಡಿಸಿಕೊಡುವ ಜಾಣತನ. ಅದಕ್ಕೆ ಚಂದಾ ಕಟ್ಟುತ್ತಲೇ ಇರಬೇಕು. ಆದರೆ ಈ ಚಿತ್ರಕ್ಕೆ ಆ ಜಾಣತನದ ಅಗತ್ಯವೇ ಬೀಳಲಿಲ್ಲ. ಹೂವಿನ ಲೇಯರನ್ನು (ಚಿತ್ರದ ಪದರವನ್ನು) ಮುಖದ ಚಿತ್ರದ ಮೇಲಿಟ್ಟು, ಪದರಗಳು ಬೆರೆಯುವ ಬಗೆಗಳಲ್ಲಿ ಒಂದಾದ ಸ್ಕ್ರೀನ್ ಮೋಡ್‌ಗೆ ಹಾಕಿದರೆ ಕೆಳಗಿನ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ, ಕಪ್ಪಿದ್ದಲ್ಲಿ ಮಾತ್ರ ಹೂ ಮೂಡುತ್ತದೆ. ಫಿಲ್ಮಿನ ಒಂದೇ ಚೌಕಟ್ಟಿನ ಮೇಲೆ ಎರಡು ಸಲ ಬೆಳಕು ಬೀಳಿಸುತ್ತಿದ್ದವರು ನೆಚ್ಚಿಕೊಂಡಿದ್ದೂ ಇದನ್ನೇ. ಹಾರಾಡುವ ಕೂದಲು ಕತ್ತರಿ ತಾಗದೆ ಹಾಗೆಯೇ ಉಳಿಯಿತು. ಹಾಗಾಗಿ ಪೈಪೋಟಿ ಉಳಿದದ್ದು ಎರಡು ಉಚಿತ ತಂತ್ರಾಂಶಗಳ ನಡುವೆ.

ತೊಡಕು ಬಂದದ್ದು ಆಕಾಶದಿಂದ. ಬೆಂಗಳೂರಿನ ಮೋಡದ ಬೆಳಕು ಅಪ್ಪಟ ಬಿಳಿಯಲ್ಲ, ಬೂದಿ ಬೆರೆತ ಬಿಳಿ. ಅಲ್ಲೂ ಗುಲಾಬಿ ಮಸುಕು ಇಣುಕುತ್ತಿತ್ತು. ಬ್ರೌಸರಿನಲ್ಲೇ ತೆರೆದುಕೊಳ್ಳುವ, ಪಕ್ಕದಲ್ಲಿ ಜಾಹೀರಾತು ತೋರಿಸುವ ಫೋಟೋಪಿಯಾದಲ್ಲಿ ಇದಕ್ಕೆ ಬ್ಲೆಂಡ್ ಇಫ್ ಇದೆ: ಬೆಳಕಿನ ಮಟ್ಟ ನೋಡಿ ಲೇಯರನ್ನು ಅಲ್ಲಲ್ಲಿ ಮರೆಸುವ ಸೌಲಭ್ಯ. ಕೆಳಗಿನ ಲೇಯರಿನ ಬಿಳಿ ತುದಿಯ ಗುಂಡಿಯನ್ನು ಎಡಕ್ಕೆ ಎಳೆದರೆ ಆಕಾಶದ ಹೂಗಳೆಲ್ಲ ಮಾಯ. ಆಲ್ಟ್ ಒತ್ತಿ ಆ ಗುಂಡಿಯನ್ನು ಎರಡಾಗಿ ಸೀಳಿ ನಡುವೆ ಅಂತರ ಬಿಟ್ಟರೆ ಗಲ್ಲದ ಅಂಚಿನಲ್ಲಿ ಹೂ ನಿಧಾನವಾಗಿ ಕರಗುತ್ತದೆ. ಚಹಾ ಆರುವುದರೊಳಗೆ ಕೆಲಸ ಮುಗಿದಿತ್ತು.

ಗಿಂಪ್‌ನಲ್ಲಿ ಬ್ಲೆಂಡ್ ಇಫ್ ಇಲ್ಲ. ಮುಖದ ಚಿತ್ರದ ಕಪ್ಪು-ಬಿಳುಪು ಪ್ರತಿಯನ್ನು ತಿರುವುಮುರುವಾಗಿಸಿ (ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ), ಹೂವಿನ ಲೇಯರಿಗೆ ಮಾಸ್ಕ್ ಆಗಿ, ಅಂದರೆ ಬಿಳಿ ಇದ್ದಲ್ಲಿ ಹೂ ತೋರಿಸಿ ಕಪ್ಪಿದ್ದಲ್ಲಿ ಮರೆಸುವ ಮುಸುಕಾಗಿ ಅಂಟಿಸಿ, ಕಪ್ಪು-ಬಿಳುಪಿನ ಮಟ್ಟ ಹೊಂದಿಸುವ ಲೆವೆಲ್ಸ್‌ನಲ್ಲಿ ಬಿಗಿಗೊಳಿಸಬೇಕು. ಸುತ್ತುದಾರಿ ನಿಜ. ಆದರೂ ನನ್ನ ಮತ ಇದಕ್ಕೇ. ಗುಂಡಿ ಎಳೆದಾಗ ಕಣ್ಣಿಗೆ ಕಾಣದ ಮಾಸ್ಕ್ ಇಲ್ಲಿ ಕಣ್ಣೆದುರೇ ಇರುತ್ತದೆ. ಕಣ್ಣರೆಪ್ಪೆಯ ಮೇಲೆ ದಪ್ಪ ಗೊಂಚಲೊಂದು ಕುಳಿತು ಮುಖದ ಭಾವವನ್ನೇ ನುಂಗಿತ್ತು; ಮೆತ್ತನೆಯ ಕಪ್ಪು ಕುಂಚವನ್ನು ಅದೇ ಮಾಸ್ಕಿನ ಮೇಲೆ ತುಸು ತುಸುವೇ ಆಡಿಸಿದಾಗ ರೆಪ್ಪೆ ಮತ್ತೆ ಕಂಡಿತು. ಫೋಟೋಪಿಯಾದಲ್ಲೂ ಮಾಸ್ಕ್ ಉಂಟು, ಆದರೆ ಗುಂಡಿಯ ಸುಖ ಸಿಕ್ಕ ಮೇಲೆ ಕುಂಚ ಹಿಡಿಯುವ ಮನಸ್ಸು ಯಾರಿಗೆ ಬರುತ್ತದೆ?

ಎರಡರ ನಡುವೆ ಓಡಾಡುವವರು ಒಂದು ವಿಷಯ ಗಮನಿಸಬೇಕು. ನಾರ್ಮಲ್ ಮೋಡ್‌ನಲ್ಲಿ ಕಪ್ಪಿನ ಮೇಲೆ ಬಿಳಿ ಲೇಯರ್ ಇಟ್ಟು ಒಪ್ಯಾಸಿಟಿ (ಲೇಯರ್ ಎಷ್ಟು ಗಾಢ ಎಂಬ ಪ್ರಮಾಣ) ಶೇಕಡಾ 50 ಮಾಡಿದರೆ, 0 ಕಪ್ಪು, 255 ಬಿಳಿ ಎಂಬ ಅಳತೆಯಲ್ಲಿ, ಫೋಟೋಪಿಯಾ 128ರ ಬೂದು ಕೊಡುತ್ತದೆ, ಗಿಂಪ್ ಸುಮಾರು 188ರದ್ದು. ಗಿಂಪ್ ತನ್ನ ಡಿಫಾಲ್ಟ್ ನಾರ್ಮಲ್ ಮೋಡ್‌ನಲ್ಲಿ ನಿಜವಾದ ಬೆಳಕಿನ ಪ್ರಮಾಣದ ಲೆಕ್ಕದಲ್ಲಿ ಬೆರೆಸುವುದರಿಂದ ಮಿಶ್ರಣ ಹೆಚ್ಚು ತಿಳಿಯಾಗಿ ಕಾಣುತ್ತದೆ. ಮೋಡ್‌ಗಳ ಪಟ್ಟಿಯ ಪಕ್ಕದ ಚಿಕ್ಕ ಗುಂಡಿಯಿಂದ ಲೆಗಸಿ (ಹಳೆಯ ಪದ್ಧತಿಯ) ಗುಂಪಿಗೆ ಹೋದರೆ ಅದೂ 128ಕ್ಕೇ ಇಳಿಯುತ್ತದೆ. ಮೊಗ್ಗಿನ ನಸುಗೆಂಪಿಗೆ ನನಗೆ ಆ ಹಳೆಯ ಲೆಕ್ಕವೇ ಹಿಡಿಸಿತು.