ಜೋಲ್ಪಿಡೆಮ್ 10 ಮಿ.ಗ್ರಾಂ: ವರ್ಷಗಟ್ಟಲೆ ನುಂಗಿದವಳ ಲೆಕ್ಕದಲ್ಲಿ ಎರಡು ಸ್ಟಾರ್

ನಿದ್ದೆ ಬರಿಸುವುದರಲ್ಲಿ ಈ ಮಾತ್ರೆಗೆ ಪೂರ್ತಿ ಮಾರ್ಕ್ಸ್. ನುಂಗಿ ಅರ್ಧ ಗಂಟೆಯೊಳಗೆ ಕಣ್ಣು ಎಳೆಯುತ್ತದೆ. ರಾತ್ರಿ ಮೂರರವರೆಗೆ ಹೊರಳಾಡುತ್ತಿದ್ದ ನನಗೆ ಮೊದಮೊದಲು ಹಬ್ಬವೇ ಆಗಿತ್ತು. ಇಂಥ ಮಾತ್ರೆಗೆ ಸಿಗುವ ಐದು ಸ್ಟಾರ್‌ಗಳೆಲ್ಲ ಆ ಮೊದಲ ವಾರದವೇ ಇರಬೇಕು.

ನನಗೆ ಬರೆದುಕೊಟ್ಟಿದ್ದು 10 ಮಿ.ಗ್ರಾಂ. ಹೆಂಗಸರ ದೇಹದಿಂದ ಇದು ನಿಧಾನವಾಗಿ ಹೊರಹೋಗುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ ಹೆಂಗಸರ ಡೋಸನ್ನು 5ಕ್ಕೆ ಇಳಿಸಿತ್ತು. ನನಗೆ ಯಾರೂ ಹೇಳಲಿಲ್ಲ. ಬೆಳಿಗ್ಗೆ ಸ್ಕೂಟರ್ ಹತ್ತಿದರೆ ಕೆಂಪು ಸಿಗ್ನಲ್ ಕಣ್ಣಿಗೆ ಕಾಣುತ್ತಿತ್ತು, ಬ್ರೇಕ್ ಹಿಡಿಯಲು ಕೈ ತಡ ಮಾಡುತ್ತಿತ್ತು.

ಅದಕ್ಕಿಂತ ಭಯ ಹುಟ್ಟಿಸಿದ್ದು ಅಡುಗೆಮನೆ. ಒಂದು ಬೆಳಿಗ್ಗೆ ನೋಡಿದರೆ ಬಾಣಲೆಯಲ್ಲಿ ಸೀದು ಕರಕಲಾದ ಒಗ್ಗರಣೆ. ನಡುರಾತ್ರಿ ಹಾಕಿದ್ದು ನಾನೇ ಅಂತೆ. ಗ್ಯಾಸ್ ಆರಿಸಿದ್ದು ಗಂಡ. ನನಗೆ ಒಂಚೂರೂ ನೆನಪಿಲ್ಲ. ನಿದ್ದೆಗಣ್ಣಲ್ಲೇ ನಡೆಯುವುದು, ಅಡುಗೆ ಮಾಡುವುದು, ಕಾರು ಓಡಿಸುವುದು, ಇದೆಲ್ಲ ಈ ಮಾತ್ರೆಯಿಂದ ಆಗಿರುವುದಕ್ಕೇ 2019ರಲ್ಲಿ ಎಫ್‌ಡಿಎ ಲೇಬಲ್ ಮೇಲೆ ತನ್ನ ಅತಿ ಕಡಕ್ ಎಚ್ಚರಿಕೆ ಹಾಕಿಸಿತು. ಒಮ್ಮೆ ಹೀಗಾದವರು ಮತ್ತೆ ಇದನ್ನು ತಗೊಳ್ಳಲೇಬಾರದು ಅಂತಲೂ ಸೇರಿಸಿತು.

ಬಿಡೋಣ ಅಂದರೆ ಇನ್ನೊಂದು ಗೋಳು. ಒಂದು ರಾತ್ರಿ ತಪ್ಪಿಸಿದರೆ ಮೊದಲಿದ್ದ ನಿದ್ರಾಹೀನತೆಗಿಂತ ಜಾಸ್ತಿ ಎಚ್ಚರ, ಎದೆ ಡವಡವ. ಇದು ನನ್ನ ಹಳೇ ಕಾಯಿಲೆ ಅಲ್ವಾ, ಮಾತ್ರೆ ಬೇಕೇಬೇಕು ಅನ್ನಿಸಿಬಿಡುತ್ತದೆ. ಬ್ರಿಟನ್ನಿನಲ್ಲಿ ಇದನ್ನು ಹೆಚ್ಚೆಂದರೆ 4 ವಾರ ತಗೊಳ್ಳಿ ಅನ್ನುತ್ತಾರೆ. ಇಲ್ಲಿ ಇದು ಶೆಡ್ಯೂಲ್ ಎಚ್1, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿ. ಮಾರಿದವರು ರೋಗಿಯ ಹೆಸರು, ಡಾಕ್ಟರ ಹೆಸರು ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ನಮ್ಮ ಬೀದಿಯ ಅಂಗಡಿಯಲ್ಲಿ ಮಾಸಿದ ಹಳೇ ಚೀಟಿ ತೋರಿಸಿದರೆ ಸಾಕು, ಸ್ಟ್ರಿಪ್ ಕೈಗೆ ಬರುತ್ತದೆ.

ಕೊನೆಗೆ ಬೇರೆ ಡಾಕ್ಟರ್ ಸಿಕ್ಕರು. ಡೋಸ್ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ, ಜೊತೆಗೆ ಸಿಬಿಟಿ-ಐ ಹಿಡಿಸಿದರು, ಅಂದರೆ ನಿದ್ದೆಯ ಅಭ್ಯಾಸ, ಯೋಚನೆಗಳನ್ನು ತಿದ್ದುವ, ಮಾತ್ರೆಯಿಲ್ಲದ ಚಿಕಿತ್ಸೆ. ಮಾತ್ರೆಗಿಂತ ಮೊದಲು ಇದನ್ನೇ ಕೊಡಿ ಅಂತ ಅಲ್ಲಿನ ವೈದ್ಯರ ಸಂಘ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೇಳಿದೆ. ಬೋರಿಂಗ್, ನಿಜ. ಎಷ್ಟೇ ಹೊತ್ತಿಗೆ ಮಲಗಿದರೂ ಒಂದೇ ಹೊತ್ತಿಗೆ ಏಳು, ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಹೋಗು, ಹಗಲು ಸುಮ್ನೆ ಅಡ್ಡಾಗಬೇಡ. ಶುರುವಿನಲ್ಲಿ ನರಕ. ಈಗ ಹೆಚ್ಚಿನ ರಾತ್ರಿ ನಿದ್ದೆ ಬರುತ್ತದೆ, ಕೆಲವು ರಾತ್ರಿ ಇಲ್ಲ.

ಎರಡು ಸ್ಟಾರ್ ಯಾಕೆ ಅಂದರೆ, ಮನೆಯಲ್ಲಿ ಸಾವಾದಾಗಲೋ ದೊಡ್ಡ ಆಘಾತವಾದಾಗಲೋ ಡಾಕ್ಟರ್ ನೋಡಿ ನಾಲ್ಕೈದು ರಾತ್ರಿಗೆ ಕೊಟ್ಟರೆ ಇದು ಉಪಕಾರಿಯೇ. ಕುಡಿದ ದಿನ ಮುಟ್ಟಬೇಡಿ, ಉಸಿರಾಟವೇ ಕುಗ್ಗಬಹುದು. ತಿಂಗಳುಗಟ್ಟಲೆ ತಗೊಳ್ಳುತ್ತಿರುವವರು ಇದನ್ನು ಓದಿ ಇವತ್ತೇ ನಿಲ್ಲಿಸಲೂಬೇಡಿ. ಥಟ್ಟನೆ ಬಿಟ್ಟರೆ ಫಿಟ್ಸ್ ಬರುವುದೂ ಉಂಟು. ನಮ್ಮತ್ತೆ ನಿದ್ದೆಗೆ ಅಂತ ಕ್ಲೋನಾಜೆಪಾಮ್ ನುಂಗುತ್ತಾರೆ. ಅದರ ಅರ್ಧದಷ್ಟು ರಕ್ತದಿಂದ ಇಳಿಯಲಿಕ್ಕೇ 30-40 ಗಂಟೆ ಬೇಕು. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದೇ ನಡೆಯುತ್ತಾರೆ, ಕೇಳಿದರೆ ಮಂಡಿನೋವು ಅನ್ನುತ್ತಾರೆ. ಮುಂದಿನ ಸಲ ಅವರನ್ನೂ ಈ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.