ಗರಸು ನೆಲಕ್ಕೆ ಯಾವ ಗೂಟ? ಮೊಳೆ, ಕಂಬಿ, ಸ್ಕ್ರೂ ಮೂರೂ ಹೊಡೆದು ನೋಡಿದೆ

ವ್ಯಾನಿನ ಪಕ್ಕ ನೆರಳಿಗೆ ಕಟ್ಟುವ ಆನಿಂಗ್ ಜೊತೆ ತೆಳ್ಳನೆಯ ಗೂಟ ಕೊಡ್ತಾರೆ. ಹುಲ್ಲು ನೆಲಕ್ಕೆ ಅವು ಸಾಕು. ಶ್ರೀನಿವಾಸಪುರದ ಕಡೆ ಮಾವಿನ ತೋಪಿನ ಅಂಚಿನಲ್ಲಿ, ಏಪ್ರಿಲ್ ಬಿಸಿಲಿಗೆ ಒಣಗಿದ ಕೆಂಪು ಗರಸಿಗೆ ಹೊಡೆದರೆ ಎರಡೇ ಏಟಿಗೆ ಬಾಗುತ್ತವೆ. ಮೇಲೆ ಸ್ವಲ್ಪ ಪುಡಿಮಣ್ಣು, ಕೆಳಗೆ ಕಲ್ಲುಹರಳು ಸೇರಿ ಬಿಗಿದುಕೊಂಡ ಜೇಡಿ. ಅದಕ್ಕೇ ಬೇರೆ ಮೂರು ಬಗೆಯನ್ನು ಒಂದೇ ಜಾಗದಲ್ಲಿ ಹೊಡೆದು ನೋಡಿದೆ.

ಆರಿಂಚಿನ ಮೊಳೆ ಅಗ್ಗ, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ತೂಕಕ್ಕೆ ಸಿಗುತ್ತದೆ. ಸಲೀಸಾಗಿ ಇಳಿಯುತ್ತದೆ. ಆದರೆ ತಲೆ ಚಿಕ್ಕದು, ವಾಷರ್ ಹಾಕದಿದ್ದರೆ ಹಗ್ಗ ಜಾರುತ್ತದೆ. ಗಾಳಿಗೆ ಬಟ್ಟೆ ಪಟಪಟ ಅಂದ ಹಾಗೆಲ್ಲಾ ಸಡಿಲವಾಗುತ್ತದೆ. ನೆಲಹಾಸು ಹಿಡಿಸಲು ಓಕೆ, ಆನಿಂಗ್ ಹಗ್ಗಕ್ಕೆ ಬೇಡ.

ಟಿಎಂಟಿ ಕಂಬಿ, ಅಂದರೆ ಮನೆ ಕಟ್ಟುವಾಗ ಕಾಂಕ್ರೀಟ್ ಒಳಗೆ ಹಾಕುವ ಕಬ್ಬಿಣದ ಕಂಬಿ, ಬೇರೆಯದೇ ಮಾತು. 12 ಎಂಎಂ ಕಂಬಿಯನ್ನು ಒಂದೂವರೆ ಅಡಿಗೆ ಕತ್ತರಿಸಿ, ಒಂದು ತುದಿ ಚೂಪು ಮಾಡಿಸಿ, ಇನ್ನೊಂದು ತುದಿಗೆ ಬಳೆ ವೆಲ್ಡ್ ಮಾಡಿಸಿದೆ. 10 ಎಂಎಂ ಹಗುರ, ನಿಜ, ಆದರೆ ಕಲ್ಲು ಸಿಕ್ಕರೆ ಸೊಟ್ಟಗಾಯ್ತು. 12 ಎಂಎಂ ಕಂಬಿ ಮೀಟರಿಗೆ ಸುಮಾರು 890 ಗ್ರಾಂ. ಅಂದರೆ ಒಂದು ಗೂಟ 400 ಗ್ರಾಂ, ಎಂಟು ಗೂಟಕ್ಕೆ ಮೂರು ಕೆಜಿಗೂ ಜಾಸ್ತಿ. ಹೊಡೆಯಲು ಎರಡು ಕೆಜಿ ಸುತ್ತಿಗೆ ಬೇರೆ. ಇಷ್ಟು ಹೊತ್ತರೂ ಹಿಡಿತದಲ್ಲಿ ಇದನ್ನು ಮೀರಿಸಿದ್ದಿಲ್ಲ. ಮುಂಗಾರಿಗೆ ಮುಂಚೆ ಸಂಜೆ ಬೀಸುವ ಗಾಳಿಗೂ ಅಲುಗಲಿಲ್ಲ.

ಕಷ್ಟ ಇರುವುದು ಬೆಳಿಗ್ಗೆ, ಕೀಳುವಾಗ. ಕಂಬಿಯ ಮೇಲಿನ ಗೀರುಗಳು ಮಣ್ಣನ್ನು ಬಿಡುವುದೇ ಇಲ್ಲ. ಬಳೆಯೊಳಗೆ ಇನ್ನೊಂದು ಕಂಬಿ ತೂರಿಸಿ, ಆ ಕಡೆ ಈ ಕಡೆ ತಿರುಗಿಸಿ, ಆಮೇಲೆ ಎಳೆಯಬೇಕು. ಬಳೆ ಹಾಕಿಸಿದ್ದೇ ಅದಕ್ಕೆ. ಕತ್ತಲಲ್ಲಿ ಕಾಲಿಗೆ ತಾಗದಂತೆ ಮೇಲೊಂದು ಬಿಳಿ ಬಟ್ಟೆ ಚೂರು ಕಟ್ಟಿ.

ಕೋಚ್ ಸ್ಕ್ರೂ ಬಗ್ಗೆ ನನಗೆ ನಂಬಿಕೆ ಇರಲಿಲ್ಲ. ಮರಕ್ಕೆ ಹಾಕುವ ಸ್ಕ್ರೂ ನೆಲಕ್ಕೆ ಯಾಕೆ, ಅಲ್ವಾ? 10 ಎಂಎಂ ದಪ್ಪ, 150 ಎಂಎಂ ಉದ್ದದ್ದು, ಆರು ಮೂಲೆಯ ತಲೆ. ಅಗಲ ವಾಷರ್ ಕೆಳಗೆ ಸರಪಳಿಯ ಒಂದು ಕೊಂಡಿ ಸೇರಿಸಿ, ಬ್ಯಾಟರಿ ಇಂಪ್ಯಾಕ್ಟ್ ಡ್ರೈವರ್‌ಗೆ (ಸ್ಕ್ರೂ ಬಿಗಿಯುವ ಕೈಯಂತ್ರ) ಸಾಕೆಟ್ ಹಾಕಿ ತಿರುಗಿಸಿದರೆ ಗರಸಿನಲ್ಲಿ ಸರ್ರನೆ ಇಳಿಯಿತು. ಉಲ್ಟಾ ತಿರುಗಿಸಿದರೆ ಅಷ್ಟೇ ಸುಲಭವಾಗಿ ಹೊರಗೆ ಬಂತು. ಬೆನ್ನು ಬಗ್ಗಿಸಿ ಎಳೆದಾಡುವ ಕೆಲಸವೇ ಇಲ್ಲ. ಕಲ್ಲು ಅಡ್ಡ ಬಂದರೆ ನಾಲ್ಕು ಬೆರಳು ಪಕ್ಕಕ್ಕೆ ಸರಿಸಿ. ಉತ್ತ ಹೊಲದಲ್ಲಿ ಮಾತ್ರ ಇದು ಸುಮ್ನೆ ಸುತ್ತುತ್ತದೆ. ಅಲ್ಲಿ ಉದ್ದದ ಕಂಬಿಯೇ ಬೇಕು.

ಮಧುಗಿರಿ ಕಡೆ ಬಂಡೆ ಮೇಲೆ ನಿಲ್ಲಿಸಿದರೆ ಮೂರೂ ಕೆಲಸಕ್ಕೆ ಬಾರವು. ಹಗ್ಗ ಕಟ್ಟಲು ನೀರು ತುಂಬಿದ 20 ಲೀಟರ್ ಕ್ಯಾನ್ ಇಟ್ಟರೆ 20 ಕೆಜಿ ತೂಕ, ಆದರೆ ನುಣುಪು ಬಂಡೆ ಮೇಲೆ ಜಾರುತ್ತದೆ. ಖಾಲಿ ಸಿಮೆಂಟ್ ಚೀಲಕ್ಕೆ ಅಲ್ಲೇ ಮಣ್ಣು ತುಂಬಿಸಿ ಕಟ್ಟಿದ್ದು ವಾಸಿ. ಗಾಳಿ ಜೋರಾದರೆ ಅದನ್ನೂ ನಂಬದೆ ಆನಿಂಗ್ ಮಡಚಿ ಒಳಗಿಡಿ.

ಕೋಲಾರದಲ್ಲಿ ಶಾಮಿಯಾನ ಕಟ್ಟುವವರೊಬ್ಬರು ಹೇಳಿದ ಉಪಾಯ ಕಂಬಿಗೆ ಚೆನ್ನಾಗಿ ಹೊಂದುತ್ತದೆ: "ಗೂಟದ ಜಾಗಕ್ಕೆ ಒಂದು ಚೊಂಬು ನೀರು ಹುಯ್ದು ಅರ್ಧ ಗಂಟೆ ಬಿಡಿ ಸಾರ್, ಆಮೇಲೆ ಹೊಡೀರಿ." ಗೂಟದ ತಲೆ ವ್ಯಾನಿನಿಂದ ಆಚೆಗೆ ವಾಲಿರಬೇಕು, ಇಲ್ಲದಿದ್ದರೆ ಹಗ್ಗ ಎಳೆದ ಕಡೆಗೇ ಎದ್ದು ಬರುತ್ತದೆ.

ಈಗ ವ್ಯಾನಿನಲ್ಲಿ ಸ್ಕ್ರೂಗಳೇ ಜಾಸ್ತಿ, ಗಾಳಿ ಬರುವ ಮೂಲೆಗಳಿಗೆ ಮಾತ್ರ ನಾಲ್ಕು ಕಂಬಿ. ಇಂಪ್ಯಾಕ್ಟ್ ಡ್ರೈವರ್ ಮನೆಯಲ್ಲಿ ಇಲ್ಲದವರು ಅದಕ್ಕಾಗಿ ದುಡ್ಡು ಸುರಿಯಬೇಕಿಲ್ಲ, ಕಂಬಿಯೇ ಸಾಕು. ಯಾವುದನ್ನೇ ಹೊಡೆಯಿರಿ, ಹೊರಡುವಾಗ ಎಣಿಸಿಕೊಳ್ಳಿ. ತೋಪಿನಲ್ಲಿ ಒಂದು ಉಳಿದರೂ ತೋಟದವರ ಟ್ರ್ಯಾಕ್ಟರ್ ಟೈರ್ ಕೆಡುತ್ತದೆ, ಮುಂದಿನ ಸಲ ಜಾಗ ಕೊಡಲ್ಲ.